ಅಮೆರಿಕದ ಮನೆಯಲ್ಲಿ ಡ್ರೈವಾಲ್ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜೆರ್ಸಿಯಲ್ಲಿ 1974ರಲ್ಲಿ ಕಟ್ಟಿದ ಮನೆಯೊಂದನ್ನು ಕೊಂಡು ನಾವು ಒಂದೊಂದೇ ಕೋಣೆ ಸರಿಮಾಡುತ್ತಾ ಬಂದೆವು. ಗೋಡೆ ಕೆಲಸ ಬಹುಪಾಲು ನಾನೇ ಮಾಡಿದ್ದು. ಅಂದಿನಿಂದ ಯುಗಾದಿ ಊಟಕ್ಕೆ ಸೇರಲಿ, ಮಕ್ಕಳ ಕನ್ನಡ ಕ್ಲಾಸಿನ ಹೊರಗೆ ನಿಂತಿರಲಿ, ಯಾರಾದರೊಬ್ಬರು ಫೋನಿನಲ್ಲಿ ಗೋಡೆಯ ಫೋಟೊ ತೋರಿಸಿ "ಇದಕ್ಕೇನು ಮಾಡೋದು?" ಎಂದು ಕೇಳುತ್ತಾರೆ. ಹಾಗೆ ಬಂದ ಪ್ರಶ್ನೆಗಳೇ ಇಲ್ಲಿರುವುದು.

ಡ್ರೈವಾಲ್ ಅಂದರೆ ಏನು? ನಮ್ಮೂರ ಗೋಡೆ ಥರ ಅಲ್ವಾ?

ಅಲ್ಲವೇ ಅಲ್ಲ. ನಮ್ಮೂರಲ್ಲಿ ಇಟ್ಟಿಗೆ ಕಟ್ಟಿ, ಸಿಮೆಂಟ್ ಗಿಲಾವು ಮಾಡಿ, ಮೇಲೆ ಪುಟ್ಟಿ ಬಳಿಯುತ್ತಾರೆ. ಇಲ್ಲಿ ಮರದ ಸ್ಟಡ್‌ಗಳನ್ನು, ಅಂದರೆ ಗೋಡೆಯೊಳಗಿನ ನಿಲುಗಂಬಗಳನ್ನು, ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಲ್ಲಿಸಿ, ಅದಕ್ಕೆ ಜಿಪ್ಸಂ ಹಲಗೆ ಬಿಗಿಯುತ್ತಾರೆ. ಹಲಗೆಯ ಎರಡೂ ಮುಖಕ್ಕೆ ಕಾಗದ ಅಂಟಿರುತ್ತದೆ. ಗೋಡೆಗೆ ಸಾಮಾನ್ಯವಾಗಿ ಅರ್ಧ ಇಂಚು ದಪ್ಪದ್ದು. ಗ್ಯಾರೇಜಿನ ಮೇಲೆ ಮಲಗುವ ಕೋಣೆ ಇದ್ದರೆ ಆ ಸೀಲಿಂಗಿಗೆ 5/8 ಇಂಚಿನ ಟೈಪ್ ಎಕ್ಸ್, ಅದು ಬೆಂಕಿಯನ್ನು ಹೆಚ್ಚು ಹೊತ್ತು ತಡೆಯುತ್ತದೆ. ಅಲ್ಲಿ ತೂತು ಬಿದ್ದರೆ ತೇಪೆಗೂ ಅದೇ ಹಲಗೆ ಬೇಕು, ತೆಳುವಾದದ್ದು ಹಾಕಿ ಸುಮ್ಮನಾಗಬೇಡಿ.

ಆಗಸ್ಟೀನ್ ಸ್ಯಾಕೆಟ್ ಎಂಬುವರು 1894ರಲ್ಲಿ ಇದರ ಮೂಲರೂಪಕ್ಕೆ ಪೇಟೆಂಟ್ ಪಡೆದರು. ಆದರೂ ಎರಡನೇ ಮಹಾಯುದ್ಧದ ಹೊತ್ತಿನವರೆಗೆ ಇಲ್ಲಿಯ ಮನೆಗಳಲ್ಲಿ ಮರದ ಪಟ್ಟಿಗಳ ಮೇಲೆ ಗಾರೆ ಮೆತ್ತುವುದೇ ಜಾಸ್ತಿ ಇತ್ತು. ಆಮೇಲೆ ಮನೆಗಳನ್ನು ಬೇಗ ಬೇಗ ಕಟ್ಟಬೇಕಾಗಿ ಬಂದಾಗ ಹಲಗೆ ಗೆದ್ದಿತು. ಗಾರೆ ಒಣಗಲು ವಾರಗಟ್ಟಲೆ ಕಾಯುವ ಕೆಲಸ ಇಲ್ಲ, ಅದಕ್ಕೇ 'ಡ್ರೈ'. ಶೀಟ್‌ರಾಕ್ ಅನ್ನುವುದು ಒಂದು ಕಂಪನಿಯ ಬ್ರ್ಯಾಂಡ್ ಹೆಸರು, ಜನ ಎಲ್ಲಕ್ಕೂ ಅದನ್ನೇ ಅನ್ನುತ್ತಾರೆ.

ಜಿಪ್ಸಂನ ತೂಕದಲ್ಲಿ ಸುಮಾರು 20 ಶೇಕಡಾ ನೀರು ಹರಳಿನೊಳಗೇ ಕಟ್ಟಿಕೊಂಡಿರುತ್ತದೆ. ಬೆಂಕಿ ತಾಗಿದಾಗ ಆ ನೀರು ಆವಿಯಾಗಿ ಹೊರಡುತ್ತಾ ಶಾಖ ಹೀರುತ್ತದೆ. ಹಾಗಾಗಿ ಬೆಂಕಿಗೆ ಇದು ಒಳ್ಳೆಯ ಗೋಡೆ. ಹೊರಗಿನಿಂದ ಬರುವ ನೀರಿಗೆ ಮಾತ್ರ ತೀರಾ ದುರ್ಬಲ. ಒದ್ದೆಯಾದರೆ ಮೆತ್ತಗಾಗುತ್ತದೆ, ಮೇಲಿನ ಕಾಗದ ಬೂಷ್ಟಿಗೆ ಊಟವಾಗುತ್ತದೆ.

ಸೀಲಿಂಗಿನಲ್ಲಿ ಕಂದು ಕಲೆ ಇದೆ. ಬಣ್ಣ ಹೊಡೆದರೆ ಹೋಗುತ್ತದಾ?

ಹೋಗುವುದಿಲ್ಲ. ನಮ್ಮ ಊಟದ ಕೋಣೆಯ ಸೀಲಿಂಗಿನಲ್ಲಿ ತಟ್ಟೆಯಷ್ಟಗಲದ ಕಲೆ ಇತ್ತು. ಹಿಂದಿನವರು ಅದರ ಮೇಲೆ ಬಣ್ಣ ಹೊಡೆದಿದ್ದರು. ನಾನೂ ಒಮ್ಮೆ ಹೊಡೆದೆ. ಮೂರು ತಿಂಗಳಿಗೆ ಮತ್ತೆ ಬಂತು. ಕೊನೆಗೆ ಅಲ್ಲಿ ಚೌಕ ಕತ್ತರಿಸಿ ಟಾರ್ಚ್ ಬಿಟ್ಟು ನೋಡಿದರೆ, ಮೇಲಿನ ಬಚ್ಚಲಲ್ಲಿ ಟಾಯ್ಲೆಟ್ ಬುಡದಲ್ಲಿರುವ ಮೇಣದ ಉಂಗುರ ಹಾಳಾಗಿ, ಪ್ರತಿ ಸಲ ನೀರು ಬಿಟ್ಟಾಗಲೂ ಎರಡು ಮೂರು ಹನಿ ಇಳಿಯುತ್ತಿತ್ತು. ಉಂಗುರ ತುಂಬಾ ಅಗ್ಗದ್ದು. ಅದು ಹಾಳು ಮಾಡಿದ್ದು ನಾಲ್ಕಡಿ ಸೀಲಿಂಗನ್ನು.

ಈ ಇಡೀ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಗೋಡೆ ಯಾಕೆ ಕೆಟ್ಟಿತು ಎಂದು ಗೊತ್ತಾಗದೆ ಮಡ್ (ತೂತು, ಸಂದು ಮುಚ್ಚಲು ಬಳಿಯುವ ಪೇಸ್ಟ್) ಡಬ್ಬಿ ತೆರೆಯಬೇಡಿ. ಕಲೆಯ ನೇರ ಮೇಲೆಯೇ ಸೋರಿಕೆ ಇರಬೇಕೆಂದಿಲ್ಲ, ನೀರು ಜಾಯಿಸ್ಟ್ (ಸೀಲಿಂಗ್ ಹೊರುವ ಅಡ್ಡ ಮರ) ಹಿಡಿದುಕೊಂಡು ದೂರದಿಂದ ಬಂದಿರಬಹುದು. ಸೋರಿಕೆ ನಿಲ್ಲಿಸಿ, ಒಣಗಲು ಬಿಡಿ, ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಶೆಲ್ಯಾಕ್ (ಅರಗು) ಅಥವಾ ಎಣ್ಣೆ ಆಧಾರದ ಕಲೆ ತಡೆಯುವ ಪ್ರೈಮರ್ ಹೊಡೆದು ಆಮೇಲೆ ಬಣ್ಣ. ನೀರಿನ ಬಣ್ಣವನ್ನೇ ನೇರ ಹೊಡೆದರೆ ಕಲೆ ಅದರಲ್ಲಿ ಕರಗಿ ಮೇಲೆ ಬರುತ್ತದೆ. ಒತ್ತಿದರೆ ತಗ್ಗಿದರೆ ಅಥವಾ ಜೋತುಬಿದ್ದಿದ್ದರೆ ಆ ಭಾಗ ಕತ್ತರಿಸಿ ತೆಗೆಯಿರಿ.

ಹಳೆಯ ಮನೆ. ಉಜ್ಜಲು ಶುರು ಮಾಡಬಹುದಾ?

ನಿಲ್ಲಿ. ಇದೊಂದು ವಿಷಯದಲ್ಲಿ ಅವಸರ ಬೇಡ, ಮನೆಯಲ್ಲಿ ಮಕ್ಕಳಿದ್ದಾರೆ ಅಲ್ವಾ?

ಅಮೆರಿಕದಲ್ಲಿ ಮನೆಯ ಬಣ್ಣದಲ್ಲಿ ಸೀಸ ಹಾಕುವುದನ್ನು 1978ರಲ್ಲಿ ನಿಷೇಧಿಸಿದರು. ಗೋಡೆ ತೇಪೆಯ ಪುಡಿಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಸ್, ಹಾಕುವುದನ್ನು 1977ರಲ್ಲಿ ನಿಷೇಧಿಸಿದರು. ಅಂಗಡಿಯಲ್ಲಿ ಉಳಿದ ಹಳೇ ಸರಕು ಆಮೇಲೂ ಬಳಕೆಯಾಗಿರಬಹುದು, ಹಾಗಾಗಿ ಎಂಬತ್ತರ ದಶಕದ ಆರಂಭದವರೆಗಿನ ಮನೆಯನ್ನೂ ಅನುಮಾನದಿಂದಲೇ ನೋಡುವುದು ಒಳ್ಳೆಯದು. ಹಲಗೆ ಜೋಡಿಸಿದ ಸಂದಿನ ಮಡ್‌ನಲ್ಲಿ, ಸಣ್ಣ ಗುಳ್ಳೆಗಳಂತೆ ಕಾಣುವ ಪಾಪ್‌ಕಾರ್ನ್ ಸೀಲಿಂಗಿನಲ್ಲಿ ಕಲ್ನಾರು ಇರಬಹುದು. ಸುಮ್ಮನೆ ಗೋಡೆಯಲ್ಲಿದ್ದಾಗ ಅದರಿಂದ ತೊಂದರೆ ಕಡಿಮೆ. ಉಜ್ಜಿ ಧೂಳು ಎಬ್ಬಿಸಿದಾಗ ಎಳೆಗಳು ಶ್ವಾಸಕೋಶಕ್ಕೆ ಹೋಗುತ್ತವೆ. ಕಣ್ಣಿಗೆ ನೋಡಿ ಇದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಮಾದರಿ ತೆಗೆದು ಮಾನ್ಯತೆ ಇರುವ ಲ್ಯಾಬಿಗೆ ಕಳಿಸಬೇಕು, ಅಥವಾ ತಪಾಸಣೆ ಮಾಡುವವರನ್ನೇ ಕರೆಸಬೇಕು. ಇದೆ ಎಂದು ಬಂದರೆ ಆ ಕೆಲಸ ನಿಮ್ಮದಲ್ಲ, ಪರವಾನಗಿ ಇರುವವರದ್ದು. ಎಷ್ಟೋ ಕಡೆ ಅದರ ಮೇಲೆ ಹೊಸ ತೆಳು ಹಲಗೆ ಹೊದಿಸಿ ಮುಚ್ಚುವುದೂ ಒಂದು ದಾರಿ.

ಬೇಸ್‌ಮೆಂಟ್ ಗೋಡೆಯ ಬುಡದಲ್ಲಿ ಬೂಷ್ಟು ಬಂದಿದೆ.

ಹತ್ತು ಚದರಡಿಗಿಂತ ಕಡಿಮೆ ಇದ್ದರೆ ಮನೆಯವರೇ ಮಾಡಬಹುದು ಎಂಬುದು ಇಲ್ಲಿನ ಪರಿಸರ ಸಂಸ್ಥೆ ಇಪಿಎ ಹೇಳುವ ಅಂದಾಜು. ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಕೊಳಚೆ ನೀರು ನುಗ್ಗಿದ್ದರೆ, ಕೆಲಸದವರನ್ನು ಕರೆಯಿರಿ. ಬೂಷ್ಟು ಕಾಗದದೊಳಗೆ ಬೇರು ಬಿಟ್ಟಿದ್ದರೆ ಬ್ಲೀಚ್ ಹಾಕಿ ಒರೆಸುವುದರಿಂದ ಪ್ರಯೋಜನವಿಲ್ಲ. ಹಲಗೆ ಕತ್ತರಿಸಿ ಚೀಲಕ್ಕೆ ಹಾಕಿ ಕಟ್ಟಿ ಹೊರಗೆ ಹಾಕಿ. ನೀರು ನುಗ್ಗಿದ ಮನೆಯಲ್ಲಿ 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಷ್ಟು ಬಹುತೇಕ ಬರುವುದಿಲ್ಲ. ಹೊಸ ಹಲಗೆ ಹಾಕುವಾಗ ನೆಲಕ್ಕೆ ತಾಗಿಸಬೇಡಿ, ಅರ್ಧ ಇಂಚು ಮೇಲೆ ನಿಲ್ಲಿಸಿ. ಆ ಸಂದು ಬೇಸ್‌ಬೋರ್ಡ್ (ಗೋಡೆಯ ಬುಡದ ಪಟ್ಟಿ) ಹಿಂದೆ ಮುಚ್ಚಿಹೋಗುತ್ತದೆ, ನೆಲದ ತೇವ ಮೇಲೇರುವುದು ತಪ್ಪುತ್ತದೆ.

ಗೋಡೆಯಲ್ಲಿ ಸಾಲಾಗಿ ಸಣ್ಣ ಸಣ್ಣ ಗುಳ್ಳೆ ಎದ್ದಿದೆ. ಏನದು?

ಮೊಳೆ ತಲೆ ಎತ್ತುತ್ತಿದೆ. ಮನೆ ಕಟ್ಟುವಾಗ ಹಸಿಯಾಗಿದ್ದ ಮರ ಒಣಗಿ ಕುಗ್ಗಿದಾಗ ಮೊಳೆ ಅಲ್ಲೇ ಉಳಿದು ಹಲಗೆಯಾಚೆ ಚಾಚುತ್ತದೆ. ಸುತ್ತಿಗೆಯಲ್ಲಿ ಹೊಡೆದು ಒಳಗೆ ಕಳಿಸಿದರೆ ಮುಂದಿನ ವರ್ಷ ಮತ್ತೆ ಏಳುತ್ತದೆ. ಹಲಗೆಯನ್ನು ಕೈಯಲ್ಲಿ ಒತ್ತಿ ಹಿಡಿದು, ಗುಳ್ಳೆಯ ಒಂದೆರಡು ಇಂಚು ಮೇಲೆ ಮತ್ತು ಕೆಳಗೆ ಒಂದೂಕಾಲು ಇಂಚಿನ ಡ್ರೈವಾಲ್ ಸ್ಕ್ರೂ ಹಾಕಿ. ಆಮೇಲೆ ಮೊಳೆ ಕಿತ್ತುಬಿಡಿ. ಸ್ಕ್ರೂ ತಲೆ ಕಾಗದವನ್ನು ಒತ್ತಿ ಕೊಂಚ ತಗ್ಗು ಮಾಡಬೇಕು, ಕಾಗದ ಹರಿಯಬಾರದು. ಹರಿದರೆ ಹಿಡಿತ ಹೋಯಿತು, ಪಕ್ಕದಲ್ಲಿ ಇನ್ನೊಂದು ಹಾಕಿ. ಮೂರು ತೆಳು ಪದರ ಮಡ್, ಅಷ್ಟೇ.

ಬಿರುಕು ಬಿಟ್ಟಿದೆ. ಭಯಪಡಬೇಕಾ?

ಎಲ್ಲಿ ಬಿಟ್ಟಿದೆ ಎನ್ನುವುದರ ಮೇಲೆ. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಏಳುವ ಕೂದಲೆಳೆಯ ಬಿರುಕು ಸಾಮಾನ್ಯ. ಹಲಗೆಯ ಜೋಡಣೆ ಆ ಮೂಲೆಯಲ್ಲೇ ಬಂದಿದ್ದರೆ ಮತ್ತೆ ಮತ್ತೆ ಬಿಡುತ್ತದೆ. ಬಿರುಕನ್ನು ವಿ ಆಕಾರಕ್ಕೆ ಕೆರೆದು, ಟೇಪ್ ಹಾಕಿಯೇ ಮುಚ್ಚಬೇಕು. ಬರೀ ಮಡ್ ತುಂಬಿದರೆ ನಿಲ್ಲುವುದಿಲ್ಲ.

ಇನ್ನೊಂದು ಬಗೆ ಇದೆ, ಇದು ನಮ್ಮವರನ್ನು ತುಂಬಾ ಗಾಬರಿ ಮಾಡುತ್ತದೆ. ಮೇಲಿನ ಮಹಡಿಯಲ್ಲಿ, ಮನೆಯ ನಡುವಿನ ಗೋಡೆ ಸೀಲಿಂಗಿಗೆ ಸೇರುವ ಮೂಲೆಯಲ್ಲಿ ಚಳಿಗಾಲದಲ್ಲಿ ಸಂದು ತೆರೆಯುತ್ತದೆ, ಬೇಸಿಗೆಯಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಅಟ್ಟದ ಟ್ರಸ್‌ನ (ಛಾವಣಿ ಹೊರುವ ಮರದ ಚೌಕಟ್ಟು) ಕೆಳಗಿನ ಮರ ಇನ್ಸುಲೇಷನ್ ಅಡಿಯಲ್ಲಿ ಬೆಚ್ಚಗೆ ಒಣಗಿರುತ್ತದೆ, ಮೇಲಿನ ಮರ ತಣ್ಣನೆಯ ತೇವದ ಗಾಳಿಯಲ್ಲಿ ಹಿಗ್ಗುತ್ತದೆ, ಆಗ ಟ್ರಸ್ ಬಿಲ್ಲಿನಂತೆ ಮೇಲಕ್ಕೆ ಬಾಗಿ ಸೀಲಿಂಗನ್ನೂ ಎತ್ತುತ್ತದೆ. ಮನೆ ಬೀಳುವುದಿಲ್ಲ. ಪ್ರತಿ ವರ್ಷ ಮಡ್ ತುಂಬುವ ಬದಲು ಮೂಲೆಗೆ ಕ್ರೌನ್ ಮೋಲ್ಡಿಂಗ್ ಎಂಬ ಅಲಂಕಾರದ ಪಟ್ಟಿ ಹಾಕಿ, ಅದನ್ನು ಸೀಲಿಂಗಿಗೆ ಮಾತ್ರ ಬಿಗಿದು ಗೋಡೆಗೆ ಬಿಗಿಯದೆ ಬಿಟ್ಟರೆ ಸೀಲಿಂಗ್ ಜೊತೆ ಅದೂ ಏರಿ ಇಳಿಯುತ್ತದೆ.

ಬಿರುಕು ಕಾಲು ಇಂಚಿಗಿಂತ ಅಗಲ ಇದ್ದು, ಬಾಗಿಲು ಕಚ್ಚಿಕೊಳ್ಳುತ್ತಿದ್ದು, ನೆಲವೂ ವಾಲಿದ್ದರೆ ಅದು ಗೋಡೆಯ ಸಮಸ್ಯೆಯಲ್ಲ, ಅಡಿಪಾಯದ್ದು. ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಯಾವ ಮಡ್ ತರಬೇಕು? ಅಂಗಡಿಯಲ್ಲಿ ಹತ್ತು ಥರ ಇದೆ.

ಬಗೆ ಎರಡೇ. ಒಂದು, ಬಕೆಟ್ಟಿನಲ್ಲಿ ಕಲಸಿಯೇ ಬರುವುದು. ಅದು ನೀರು ಆರಿ ಒಣಗುತ್ತದೆ. ಒಂದು ಪದರಕ್ಕೆ ಒಂದು ದಿನ ಬೇಕು, ಮಳೆಗಾಲದ ತೇವದಲ್ಲಿ ಇನ್ನೂ ಜಾಸ್ತಿ. ಇನ್ನೊಂದು, ಚೀಲದಲ್ಲಿ ಪುಡಿಯಾಗಿ ಬರುವುದು. ನೀರು ಸೇರಿಸಿದ ಮೇಲೆ ಸಿಮೆಂಟಿನಂತೆ ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಕೆಲಸದವರು ಇದನ್ನು ಹಾಟ್ ಮಡ್ ಅನ್ನುತ್ತಾರೆ. ಚೀಲದ ಮೇಲೆ 20, 45, 90 ಅಂತ ಬರೆದಿರುತ್ತದೆ. ಅಷ್ಟು ನಿಮಿಷದಲ್ಲಿ ಕಟ್ಟುತ್ತದೆ ಎಂದು ಅರ್ಥ. ಮೊದಲ ಸಲ ಮಾಡುವವರು 20 ತರಬೇಡಿ, ಬೋಗುಣಿಯಲ್ಲೇ ಕಲ್ಲಾಗುತ್ತದೆ. 90 ತನ್ನಿ.

ನಾನು ಮಾಡುವುದು ಹೀಗೆ: ಆಳವಾದ ತೂತು, ಸಂದು, ಮೊದಲ ಪದರ ಎಲ್ಲಕ್ಕೂ ಹಾಟ್ ಮಡ್. ಅದು ಕುಗ್ಗುವುದು ಕಡಿಮೆ, ಗಟ್ಟಿ. ಮೇಲಿನ ಎರಡು ಪದರಕ್ಕೆ ಬಕೆಟ್ಟಿನ ಹಗುರ ಮಡ್, ಅದನ್ನು ಉಜ್ಜುವುದು ಸುಲಭ. ಪುಡಿಯಲ್ಲೂ ಎರಡು ಇವೆ. ಡ್ಯೂರಾಬಾಂಡ್ ಎಂಬುದು ತುಂಬಾ ಗಟ್ಟಿ, ಒಮ್ಮೆ ಕಟ್ಟಿದ ಮೇಲೆ ಉಜ್ಜಿ ನೆಟ್ಟಗೆ ಮಾಡುವುದು ಬಹಳ ಕಷ್ಟ. ಈಸಿ ಸ್ಯಾಂಡ್ ಉಜ್ಜಲು ಬರುತ್ತದೆ. ಹೊಸಬರಿಗೆ ಎರಡನೆಯದೇ ಸಾಕು.

ಹದ ಹೇಗಿರಬೇಕು ಅಂತ ಕೇಳುತ್ತಾರೆ. ಟೇಪಿನ ಅಡಿಗೆ ಗಟ್ಟಿ ಮೊಸರಿನ ಹದ. ಕೊನೆಯ ಪದರಕ್ಕೆ ಇಡ್ಲಿ ಹಿಟ್ಟಿನ ಹದ, ನೈಫ್ (ಮಡ್ ಬಳಿಯುವ ಅಗಲ ಅಲಗು) ಎಳೆದರೆ ತಾನಾಗಿ ಹರಡಬೇಕು. ಬಕೆಟ್ಟಿನ ಮಡ್ ಅಂಗಡಿಯಿಂದ ಬಂದ ಹಾಗೇ ತುಂಬಾ ಗಟ್ಟಿ, ಸ್ವಲ್ಪ ನೀರು ಹಾಕಿ ಚೆನ್ನಾಗಿ ಕಲಸಿ. ಬಕೆಟ್ಟನ್ನು ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಇಡಬೇಡಿ. ಹೆಪ್ಪುಗಟ್ಟಿದರೆ ಹಾಳಾಗುತ್ತದೆ. ಉಳಿದ ಮಡ್ ಸಿಂಕಿಗೆ ಸುರಿಯಬೇಡಿ, ಹಾಟ್ ಮಡ್ ಅಂತೂ ಪೈಪಿನೊಳಗೇ ಕಲ್ಲಾಗುತ್ತದೆ.

ಕಾಗದದ ಟೇಪಾ, ಬಲೆ ಟೇಪಾ?

ಬಲೆ ಟೇಪಿಗೆ ಅಂಟು ಇರುತ್ತದೆ, ಹಾಕುವುದು ಸುಲಭ, ಹಾಗಾಗಿ ಎಲ್ಲರೂ ಅದನ್ನೇ ತರುತ್ತಾರೆ. ಆದರೆ ಅದರ ಮೇಲಿನ ಮೊದಲ ಪದರ ಹಾಟ್ ಮಡ್ಡೇ ಆಗಿರಬೇಕು, ಇಲ್ಲದಿದ್ದರೆ ಬಿರುಕು ವಾಪಸ್ ಬರುತ್ತದೆ. ಒಳ ಮೂಲೆಗೆ ಕಾಗದದ್ದೇ ಸರಿ, ನಡುವೆ ಮಡಿಕೆ ಗುರುತು ಇರುತ್ತದೆ. ಕಾಗದದ ಟೇಪಿನಡಿ ಮಡ್ ಎಲ್ಲೂ ತಪ್ಪಬಾರದು. ಒಣ ಜಾಗ ಉಳಿದರೆ ಅಲ್ಲಿ ಗಾಳಿ ಗುಳ್ಳೆ. ಗುಳ್ಳೆ ಎದ್ದರೆ ಬ್ಲೇಡಿನಲ್ಲಿ ಕತ್ತರಿಸಿ ತೆಗೆದು ಅಷ್ಟಕ್ಕೆ ಮತ್ತೆ ಹಾಕಿ, ಮೇಲೆ ಮುಚ್ಚಿ ಸಾಗಬೇಡಿ.

ಬಾಗಿಲ ಹಿಡಿ ಬಡಿದು ಗೋಡೆಯಲ್ಲಿ ತೂತಾಗಿದೆ. ಹೇಗೆ ಮುಚ್ಚುವುದು?

ಮೊದಲು ಬಾಗಿಲಿಗೆ ತಡೆ ಹಾಕಿ.

ಮುಷ್ಟಿಯಷ್ಟಿದ್ದರೆ ನನಗೆ ಇಷ್ಟವಾದ ವಿಧಾನ ಒಂದಿದೆ, ಇಲ್ಲಿ ಅದನ್ನು ಕ್ಯಾಲಿಫೋರ್ನಿಯಾ ಪ್ಯಾಚ್ ಅನ್ನುತ್ತಾರೆ. ತೂತಿಗಿಂತ ನಾಲ್ಕು ಇಂಚು ದೊಡ್ಡ ಹಲಗೆ ತುಂಡು ತೆಗೆದುಕೊಳ್ಳಿ. ಹಿಂಬದಿಯಿಂದ ಕಾಗದ ಮತ್ತು ಜಿಪ್ಸಂ ಕೊಯ್ದು, ಸುತ್ತಲೂ ಎರಡು ಇಂಚಿನಷ್ಟು ಜಿಪ್ಸಂ ಮಾತ್ರ ಕಿತ್ತು ತೆಗೆಯಿರಿ, ಮುಂಭಾಗದ ಕಾಗದ ಹಾಗೇ ಉಳಿಯಲಿ. ಈಗ ನಡುವೆ ಗಟ್ಟಿ ತುಂಡು, ಸುತ್ತ ಕಾಗದದ ಅಂಚು. ಗೋಡೆಯ ತೂತನ್ನು ನಡುವಿನ ತುಂಡಿನ ಅಳತೆಗೆ ಚೌಕ ಕತ್ತರಿಸಿ, ಸುತ್ತ ಮಡ್ ಬಳಿದು, ತುಂಡು ಕೂರಿಸಿ. ಆ ಕಾಗದದ ಅಂಚೇ ಟೇಪಿನ ಕೆಲಸ ಮಾಡುತ್ತದೆ.

ಅದಕ್ಕಿಂತ ದೊಡ್ಡದಾದರೆ ತೂತಿನ ಹಿಂದೆ ಮರದ ಪಟ್ಟಿ ಕೊಟ್ಟು, ಹಳೇ ಹಲಗೆಯ ಮೂಲಕ ಅದಕ್ಕೆ ಸ್ಕ್ರೂ ಹಾಕಿ, ಹೊಸ ತುಂಡನ್ನೂ ಅದಕ್ಕೇ ಬಿಗಿಯಬೇಕು. ಕತ್ತರಿಸುವ ಮುನ್ನ ಬ್ರೇಕರ್ ಆಫ್ ಮಾಡಿ. ಗರಗಸದ ತುದಿ ಅರ್ಧ ಇಂಚಿಗಿಂತ ಆಳ ಹೋಗದಂತೆ ನೋಡಿಕೊಳ್ಳಿ, ಒಳಗೆ ತಂತಿ ಇರಬಹುದು, ನೀರಿನ ಪೈಪ್ ಇರಬಹುದು. ಮೊಳೆ ಹೊಡೆದ ಸಣ್ಣ ತೂತಿಗೆ ಇದ್ಯಾವುದೂ ಬೇಡ, ಸ್ಪ್ಯಾಕ್ಲ್ ಎಂಬ ಪುಟ್ಟಿಯನ್ನು ಬೆರಳಲ್ಲಿ ತುಂಬಿ ಒರೆಸಿ.

ವಾಲ್‌ಪೇಪರ್ ಕಿತ್ತಾಗ ಹಲಗೆಯ ಕಾಗದವೂ ಬಂತು. ಮಡ್ ಹಾಕಿದರೆ ಗುಳ್ಳೆ ಬರುತ್ತಿದೆ.

ಕಂದು ಕಾಗದ ಕಾಣುತ್ತಿದ್ದರೆ ಅದು ಮಡ್‌ನ ನೀರು ಕುಡಿದು ಉಬ್ಬುತ್ತದೆ. ಸಡಿಲ ಅಂಚನ್ನು ಬ್ಲೇಡಿನಲ್ಲಿ ಕತ್ತರಿಸಿ, ನಯವಾಗಿ ಉಜ್ಜಿ, ಮೊದಲು ಸೀಲರ್ ಹೊಡೆಯಿರಿ. ಜಿನ್ಸರ್ ಗಾರ್ಡ್ಸ್ ಎಂಬ ನೀರಿನಂಥ ಸೀಲರ್ ಇದಕ್ಕೆಂದೇ ಸಿಗುತ್ತದೆ. ಅದು ಒಣಗಿದ ಮೇಲೆ ಮಡ್. ಹಬ್ಬಕ್ಕೆ ಬಾಗಿಲ ಮೇಲೆ ತೋರಣ ಅಂಟಿಸಿದ ಟೇಪ್ ಕಿತ್ತು ಕಾಗದ ಸುಲಿದು ಬಂದ ಜಾಗಕ್ಕೂ ಇದೇ ಮದ್ದು.

ಅಡುಗೆಮನೆ, ದೇವರ ಮನೆಯ ಗೋಡೆಗೆ ಬಣ್ಣ ಹಿಡಿಯುತ್ತಿಲ್ಲ.

ಒಗ್ಗರಣೆಯ ಎಣ್ಣೆ ಗೋಡೆಯ ಮೇಲೆ ಕಾಣದಂತೆ ಕೂತಿರುತ್ತದೆ. ದೀಪದ, ಅಗರಬತ್ತಿಯ ಮಸಿಯೂ ಹಾಗೇ. ಅದರ ಮೇಲೆ ಮಡ್ಡೂ ನಿಲ್ಲುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಜಿಡ್ಡು ತೆಗೆಯುವ ದ್ರಾವಣದಲ್ಲಿ ಒರೆಸಿ, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಒಣಗಿಸಿ. ಬಟ್ಟೆ ತೊಟ್ಟಿಕ್ಕುವಷ್ಟು ಒದ್ದೆ ಇರಬಾರದು. ಮಸಿಯ ಜಾಗಕ್ಕೆ ಶೆಲ್ಯಾಕ್ ಪ್ರೈಮರ್. ಇನ್ನು ಒಲೆಯ ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ಬಿಡುತ್ತದೋ ಅಥವಾ ಕೋಣೆಗೇ ವಾಪಸ್ ಊದುತ್ತದೋ ನೋಡಿ. ಇಲ್ಲಿನ ಎಷ್ಟೋ ಮನೆಗಳಲ್ಲಿ ಕೋಣೆಗೇ ಊದುತ್ತದೆ. ರಿಮಾಡಲ್ ಮಾಡುವಾಗ ಗೋಡೆ ತೆರೆದಿರುತ್ತದಲ್ಲ, ಹೊರಗೆ ಪೈಪ್ ಹಾಕಿಸಲು ಅದೇ ಸಮಯ.

ಬಚ್ಚಲಿಗೆ ಹಸಿರು ಕಾಗದದ ಡ್ರೈವಾಲ್ ಹಲಗೆ ಸಾಕಾ?

ಗೋಡೆಗೆ, ಸೀಲಿಂಗಿಗೆ ಸಾಕು. ಷವರ್ ನೀರು ನೇರ ಬೀಳುವ ಟೈಲ್ಸ್ ಹಿಂದೆ ಬೇಡ, ಅಲ್ಲಿ ಸಿಮೆಂಟ್ ಬೋರ್ಡ್ ಮತ್ತು ನೀರು ತಡೆಯುವ ಪದರ ಹಾಕಿ. ಹಸಿರು ಹಲಗೆ ತೇವ ತಡೆಯುತ್ತದೆ, ನೀರನ್ನಲ್ಲ.

ಧೂಳು ಇಡೀ ಮನೆಗೆ ಹರಡುತ್ತದೆ. ಏನು ಮಾಡಲಿ?

ಕಡಿಮೆ ಉಜ್ಜುವ ಹಾಗೆ ಮಡ್ ಹಾಕುವುದನ್ನು ಕಲಿಯಿರಿ, ದೊಡ್ಡ ಉಪಾಯ ಅದೇ. ಮೊದಲ ಪದರಕ್ಕೆ 6 ಇಂಚಿನ ನೈಫ್, ಎರಡನೆಯದಕ್ಕೆ 10, ಕೊನೆಗೆ 12. ಪ್ರತಿ ಸಲವೂ ಅಗಲ ಮಾಡುತ್ತಾ, ಅಂಚು ತೆಳುವಾಗುವಂತೆ ಎಳೆಯಬೇಕು. ನಡುವೆ ಎದ್ದ ಗೀರುಗಳನ್ನು ನೈಫಿನಲ್ಲೇ ಕೆರೆದುಬಿಡಿ. ಕೊನೆಗೆ ಮಾತ್ರ 150ರ ಸ್ಯಾಂಡ್‌ಪೇಪರ್. ಸಣ್ಣ ತೇಪೆಗೆ ಒದ್ದೆ ಸ್ಪಂಜಿನಲ್ಲಿ ಉಜ್ಜಿದರೆ ಧೂಳೇ ಇಲ್ಲ.

ದೊಡ್ಡ ಕೆಲಸಕ್ಕೆ ಎನ್95 ಮಾಸ್ಕ್ ಹಾಕಿ, ಬಾಗಿಲಿಗೆ ಪ್ಲಾಸ್ಟಿಕ್ ಕಟ್ಟಿ, ಹೀಟಿಂಗ್ ಅಥವಾ ಎಸಿ ಆರಿಸಿ, ಆ ಕೋಣೆಯ ವೆಂಟ್ ಮುಚ್ಚಿ. ಇಲ್ಲದಿದ್ದರೆ ಡಕ್ಟ್ ಮೂಲಕ ಧೂಳು ಮಲಗುವ ಕೋಣೆಗೆ ಹೋಗುತ್ತದೆ. ಹೊಗೆ ಪತ್ತೆ ಮಾಡುವ ಅಲಾರಂ ಮುಚ್ಚಿದ್ದರೆ ಸಂಜೆ ಮರೆಯದೆ ತೆರೆಯಿರಿ. ಮಾಮೂಲಿ ಮನೆಯ ವ್ಯಾಕ್ಯೂಮ್ ಬಳಸಬೇಡಿ, ಈ ಧೂಳು ಅಷ್ಟು ನುಣ್ಣಗಿರುತ್ತದೆ, ಫಿಲ್ಟರ್ ದಾಟಿ ಹಿಂದಿನಿಂದ ಹೊರಗೆ ಬರುತ್ತದೆ.

ಬಣ್ಣ ಹೊಡೆದ ಮೇಲೂ ತೇಪೆ ಎದ್ದು ಕಾಣುತ್ತಿದೆ.

ಮೂರು ಕಾರಣ ಇರಬಹುದು. ಪ್ರೈಮರ್ ಹೊಡೆದಿಲ್ಲ, ಆಗ ಮಡ್ ಬಣ್ಣವನ್ನು ಹೆಚ್ಚು ಹೀರಿ ಮಂಕಾಗುತ್ತದೆ. ಅಥವಾ ಸುತ್ತ ರೋಲರಿನ ತರಿತರಿ ಇದ್ದು ತೇಪೆ ಮಾತ್ರ ನುಣ್ಣಗಿದೆ, ಆಗ ಪ್ರೈಮರನ್ನು ಬ್ರಷ್ ಬದಲು ರೋಲರಿನಲ್ಲೇ ಹೊಡೆಯಬೇಕು. ಅಥವಾ ತೇಪೆಯೇ ಉಬ್ಬಿದೆ. ಬಣ್ಣಕ್ಕೆ ಮೊದಲೇ ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಓರೆಯಾಗಿ ಹಿಡಿದು ನೋಡಿ. ಪ್ರತಿ ಉಬ್ಬು ತಗ್ಗಿಗೂ ನೆರಳು ಬೀಳುತ್ತದೆ. ಅಲ್ಲಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಬೆಳಿಗ್ಗೆ ಸರಿಮಾಡಿ. ಪೆನ್ ಬೇಡ, ಶಾಯಿ ಬಣ್ಣದ ಮೇಲೆ ಬರುತ್ತದೆ.

ದೊಡ್ಡ ಕಿಟಕಿಯ ಬೆಳಕು ಬೀಳುವ ಗೋಡೆ, ಹೊಳಪಿನ ಬಣ್ಣ ಇದ್ದರೆ ಇಡೀ ಗೋಡೆಗೆ ತೆಳುವಾಗಿ ಮಡ್ ಬಳಿಯಬೇಕು. ಇದನ್ನು ಲೆವೆಲ್ 5 ಅನ್ನುತ್ತಾರೆ. ಮಾಮೂಲಿ ಮನೆಗಳಲ್ಲಿ ಇರುವುದು ಲೆವೆಲ್ 4. ಗುತ್ತಿಗೆದಾರರ ಜೊತೆ ಮಾತಾಡುವಾಗ ಯಾವ ಲೆವೆಲ್ ಎಂದು ಬರವಣಿಗೆಯಲ್ಲಿ ಕೇಳಿ, ಆಮೇಲೆ ಜಗಳ ಆಗುವುದು ಹೆಚ್ಚಾಗಿ ಇದರ ಮೇಲೆಯೇ.

ಫ್ಲಾರಿಡಾದಲ್ಲಿ ಮನೆ ನೋಡುತ್ತಿದ್ದೇವೆ. ಚೀನಾದ ಡ್ರೈವಾಲ್ ಅಂತ ಏನೋ ಹೇಳುತ್ತಾರೆ.

ನಿಜ. 2000ದ ದಶಕದ ನಡುವೆ, ಚಂಡಮಾರುತಗಳ ನಂತರ ಹಲಗೆ ಸಿಗದೆ ಚೀನಾದಿಂದ ತರಿಸಿದ ಕೆಲವು ಹಲಗೆಗಳು ಗಂಧಕದ ಅನಿಲ ಬಿಡುತ್ತಿದ್ದವು. ಕೊಳೆತ ಮೊಟ್ಟೆಯ ವಾಸನೆ, ಎಸಿಯ ಕಾಯಿಲ್ ಮತ್ತೆ ಮತ್ತೆ ಕೆಡುವುದು, ಸ್ವಿಚ್ ಹಿಂದಿನ ತಾಮ್ರದ ತಂತಿ ಕಪ್ಪಾಗಿರುವುದು ಅದರ ಗುರುತು. ತೇಪೆಯಿಂದ, ಬಣ್ಣದಿಂದ ಇದು ಸರಿಹೋಗುವುದಿಲ್ಲ, ಹಲಗೆಯನ್ನೇ ಕಿತ್ತು ಹಾಕಬೇಕು. ಆ ಕಾಲದಲ್ಲಿ ಕಟ್ಟಿದ ಮನೆಯಾದರೆ ಕೊಳ್ಳುವ ಮುಂಚೆ ಇನ್‌ಸ್ಪೆಕ್ಟರಿಗೆ ಹೇಳಿ ನೋಡಿಸಿ.

ಗೋಡೆಗೆ ದೇವರ ಮಂಟಪ ನೇತುಹಾಕಬೇಕು. ಸೀಲಿಂಗಿಗೆ ಉಯ್ಯಾಲೆ ಹಾಕಬಹುದಾ?

ಮಂಟಪದ ಭಾರ ಹಲಗೆಯ ಮೇಲೆ ಬೀಳಬಾರದು, ಸ್ಟಡ್ ಮೇಲೆ ಬೀಳಬೇಕು. ಸ್ಟಡ್ ಹುಡುಕಲು ಪುಟ್ಟ ಅಯಸ್ಕಾಂತ ಸಾಕು, ಹಲಗೆ ಬಿಗಿದ ಸ್ಕ್ರೂ ಇದ್ದಲ್ಲಿ ಅಂಟಿಕೊಳ್ಳುತ್ತದೆ. ಗೋಡೆ ತೆರೆದಿರುವಾಗಲೇ ಎಲ್ಲಿ ಮಂಟಪ, ಎಲ್ಲಿ ಟಿವಿ ಎಂದು ಯೋಚಿಸಿ ಸ್ಟಡ್‌ಗಳ ನಡುವೆ ಅಡ್ಡ ಮರ ಕೊಡಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಅಮ್ಮ ಊರಿಂದ ಬಂದಾಗ ಬೇಕೆಂದು ನಾನು ನಮ್ಮ ಮನೆಯಲ್ಲಿ ಹಾಗೆ ಮಾಡಿಸಿದ್ದೆ.

ಉಯ್ಯಾಲೆಯ ಮಾತು ಬೇರೆ. ಹಲಗೆಗೆ ಹಾಕುವ ಯಾವ ಆ್ಯಂಕರೂ ಅದನ್ನು ತಡೆಯುವುದಿಲ್ಲ, ಪೆಟ್ಟಿಗೆಯ ಮೇಲೆ ಎಷ್ಟೇ ಪೌಂಡ್ ಬರೆದಿರಲಿ. ಕೂತು ತೂಗಿದಾಗ ಬೀಳುವ ಭಾರ ಸುಮ್ಮನೆ ಕೂತ ತೂಕಕ್ಕಿಂತ ಜಾಸ್ತಿ. ಮೇಲೆ ಇರುವುದು ಗಟ್ಟಿ ಜಾಯಿಸ್ಟೋ ತೆಳು ಟ್ರಸ್ಸೋ ಎಂದು ತಿಳಿದವರಿಗೆ ತೋರಿಸಿ, ಎರಡು ಮೂರು ಜಾಯಿಸ್ಟಿಗೆ ಭಾರ ಹಂಚುವಂತೆ ಮರ ಕೊಟ್ಟ ಮೇಲೆಯೇ ಕೊಂಡಿ ಹಾಕಿಸಿ. ಮಗುವಿನ ತೊಟ್ಟಿಲಿಗೂ ಇದೇ. ಖಚಿತವಿಲ್ಲದಿದ್ದರೆ ನೆಲದ ಮೇಲೆ ನಿಲ್ಲುವ ಸ್ಟ್ಯಾಂಡ್ ತನ್ನಿ.

ಎಲ್ಲ ಮುಗಿಯಿತು. ಉಳಿದ ಬಣ್ಣ ಎಸೆಯಲಾ?

ಬೇಡ. ಸಣ್ಣ ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿ, ಹೆಪ್ಪುಗಟ್ಟದ ಜಾಗದಲ್ಲಿಡಿ. ಬಣ್ಣದ ಹೆಸರು, ನಂಬರ್, ಹೊಳಪಿನ ಬಗೆ, ತಾರೀಖನ್ನು ಆ ಕೋಣೆಯ ಸ್ವಿಚ್ ಪ್ಲೇಟಿನ ಹಿಂದೆ ಬರೆದಿಡಿ. ಮುಂದಿನ ಸಲ ಗೋಡೆಗೆ ಸೈಕಲ್ ಬಡಿದಾಗ ಎರಡು ಸ್ಕ್ರೂ ಬಿಚ್ಚಿದರೆ ಎಲ್ಲ ವಿವರ ಅಲ್ಲೇ ಸಿಗುತ್ತದೆ.